ಬನ್ನೇರುಘಟ್ಟದ ಬಸ್ಸು: ಉದ್ಯಮಗಳಿಗೂ ಹೊಣೆಯಿದೆ

ಬೆಂಗಳೂರಿನ ಕಾರ್ಖಾನೆ, ಗಾರ್ಮೆಂಟ್ಸ್, ಅಂಗಡಿ, ಹೋಟೆಲುಗಳಲ್ಲಿ ದುಡಿಯುವ ಅಸಂಖ್ಯಾತ ಕಾರ್ಮಿಕರಿಗೆ ವಾರಕ್ಕೆ ಒಂದೇ ದಿನದ ಬಿಡುವು. ಆ ದಿನವನ್ನು ಮಡದಿ ಮಕ್ಕಳೊಂದಿಗೆ ಹಸಿರಿನ ನಡುವೆ ಕಳೆಯುವ ಆಸೆ ಸಹಜವಾದುದು. ಲಾಲ್‌ಬಾಗ್ ಹಾಗೂ ಕಬ್ಬನ್ ಉದ್ಯಾನಗಳಿಗೆ ಮೆಟ್ರೋ ನಿಲ್ದಾಣಗಳೇ ಇವೆ. ನಗರದ ಅಂಚಿನ ಅರಣ್ಯಕ್ಕೆ ಮಾತ್ರ ಈ ಸೌಭಾಗ್ಯ ದೊರೆತಿಲ್ಲ.

ನಗರದ ಕೇಂದ್ರದಿಂದ ಸುಮಾರು 22 ಕಿ.ಮೀ. ದೂರದ ಬನ್ನೇರುಘಟ್ಟ 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಅದರ ಒಂದು ಭಾಗ ಜೈವಿಕ ಉದ್ಯಾನವಾಗಿ ಪ್ರತ್ಯೇಕಗೊಂಡಿತು. ಮೆಜೆಸ್ಟಿಕ್‌ನಿಂದ ಅಲ್ಲಿಗೆ ಬಿಎಂಟಿಸಿ ಬಸ್ಸುಗಳಿವೆ, ನಿಜ. ಆದರೆ ಬನ್ನೇರುಘಟ್ಟ ರಸ್ತೆಯ ದಟ್ಟಣೆಯಲ್ಲಿ ಸಿಲುಕುವ ಬಸ್ಸಿನ ವೇಳೆಯನ್ನು ನಂಬಿ ಪುಟ್ಟ ಮಕ್ಕಳೊಡನೆ ಹೊರಡುವವರು ಕಡಿಮೆ. ಸಂಜೆ ಮರಳುವ ಬಸ್ಸು ಖಚಿತವಿಲ್ಲದಿದ್ದರೆ ಪ್ರಯಾಣವೇ ಕೈಬಿಡುತ್ತದೆ. ವಾಹನವುಳ್ಳವರು ಕಾರಿನಲ್ಲಿ ಬರುತ್ತಾರೆ; ಅದರಿಂದ ದಟ್ಟಣೆ ಇನ್ನಷ್ಟು ಹೆಚ್ಚುತ್ತದೆ.

ಪರಿಹಾರ ನಮ್ಮ ಕೈಗೆಟಕುವಂತಿದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿ.ಮೀ. ಮೆಟ್ರೋ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಯಿತು. ಬೊಮ್ಮಸಂದ್ರದಿಂದ ಜಿಗಣಿಯ ಮೂಲಕ ಉದ್ಯಾನದ ದ್ವಾರದವರೆಗೆ ರಜಾದಿನಗಳಲ್ಲಿ ಅರ್ಧ ಗಂಟೆಗೊಂದರಂತೆ ಬಸ್ಸು ಓಡಿಸಿದರೆ, ನಗರದ ದಟ್ಟಣೆಯನ್ನು ಹಾಯದೆಯೇ ಅಲ್ಲಿಗೆ ತಲುಪಬಹುದು. ಈ ದಾರಿಯುದ್ದಕ್ಕೂ ಇರುವುದು ನಮ್ಮದೇ ಕೈಗಾರಿಕಾ ಪ್ರದೇಶಗಳೆಂಬುದನ್ನು ಮರೆಯಲಾಗದು.

ನಷ್ಟದ ಭಯದಿಂದ ಸಾರಿಗೆ ಸಂಸ್ಥೆ ಹಿಂಜರಿಯುವುದು ಸ್ವಾಭಾವಿಕ. ಉದ್ಯಮಗಳು ಮುಂದೆ ಬರಬೇಕಾದುದು ಇಲ್ಲಿಯೇ. ವಾರದ ದಿನಗಳಲ್ಲಿ ನೌಕರರನ್ನು ಕರೆತರುವ ಕರಾರು ಬಸ್ಸುಗಳಲ್ಲಿ ಅನೇಕವು ಭಾನುವಾರ ನಿಂತಿರುತ್ತವೆ. ಖಾಸಗಿ ಕರಾರು ವಾಹನಗಳು ದಾರಿಯುದ್ದಕ್ಕೂ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಕಾನೂನಿನ ಅಡ್ಡಿಯಿದೆ. ಆದುದರಿಂದ ಸೇವೆಯನ್ನು ಬಿಎಂಟಿಸಿಯೇ ನಡೆಸಲಿ. ಮೊದಲ ಆರು ತಿಂಗಳು ಗಳಿಕೆ ವೆಚ್ಚಕ್ಕಿಂತ ಕಡಿಮೆಯಾದರೆ ಆ ಕೊರತೆಯನ್ನು ಈ ಭಾಗದ ಉದ್ಯಮಗಳು ಹಂಚಿಕೊಂಡು ತುಂಬಲಿ. ಬಸ್ ಪ್ರಯಾಣ ಮತ್ತು ಉದ್ಯಾನ ಪ್ರವೇಶಕ್ಕೆ ಒಂದೇ ಟಿಕೆಟ್ ನೀಡುವ ವ್ಯವಸ್ಥೆಯಾದರೆ ಇನ್ನೂ ಉತ್ತಮ.

ಜನ ಹೆಚ್ಚಿದರೆ ವನ್ಯಜೀವಿಗಳಿಗೆ ತೊಂದರೆಯಲ್ಲವೇ ಎಂಬ ಆಕ್ಷೇಪ ಅಲಕ್ಷಿಸುವಂತಹುದಲ್ಲ. ಆದರೆ ಕಾಡಿನಂಚಿಗೆ ಹೆಚ್ಚು ಹಾನಿ ತರುವುದು ವಾಹನಗಳ ಸಾಲು, ಹೊಗೆ, ಹಾರ್ನ್ ಹಾಗೂ ವಿಸ್ತರಿಸುತ್ತಲೇ ಹೋಗುವ ನಿಲುಗಡೆ ಸ್ಥಳ. ಐವತ್ತು ಜನರನ್ನು ಹೊತ್ತ ಒಂದು ಬಸ್ಸು ಹತ್ತು ಹನ್ನೆರಡು ಕಾರುಗಳ ಜಾಗವನ್ನು ಉಳಿಸುತ್ತದೆ. ಮೈಸೂರಿನಲ್ಲಿ ಆಷಾಢ ಶುಕ್ರವಾರಗಳಂದು ಖಾಸಗಿ ವಾಹನಗಳನ್ನು ಕೆಳಗೇ ತಡೆದು, ಭಕ್ತರನ್ನು ಬಸ್ಸುಗಳಲ್ಲಿ ಚಾಮುಂಡಿ ಬೆಟ್ಟಕ್ಕೆ ಕರೆದೊಯ್ದ ಅನುಭವ ನಮ್ಮ ಮುಂದಿದೆ. ದೇವಿಯ ದರ್ಶನಕ್ಕೆ ಸಾಧ್ಯವಾದುದು ವನದರ್ಶನಕ್ಕೆ ಅಸಾಧ್ಯವೇನಲ್ಲ.

ಒಂದು ದಿನ ನೆಮ್ಮದಿಯಿಂದ ಕಳೆದ ಕಾರ್ಮಿಕ ಮರುದಿನ ಹುರುಪಿನಿಂದ ಕೆಲಸಕ್ಕೆ ಬರುತ್ತಾನೆಂಬುದು ಪ್ರತಿಯೊಬ್ಬ ಮಾಲೀಕರ ಅನುಭವ. ಜಿಗಣಿ, ಬೊಮ್ಮಸಂದ್ರದ ಸದಸ್ಯ ಬಾಂಧವರು ಬಿಎಂಟಿಸಿ ಮತ್ತು ಉದ್ಯಾನದ ಆಡಳಿತದೊಂದಿಗೆ ಕೂಡಿ ಚರ್ಚಿಸಲು ನಮ್ಮ ಸಂಸ್ಥೆ ಶೀಘ್ರವೇ ವೇದಿಕೆ ಕಲ್ಪಿಸಬೇಕು. ಮನವಿಪತ್ರದೊಂದಿಗೆ ನಮ್ಮ ಪಾಲಿನ ಹಣದ ಭರವಸೆಯನ್ನೂ ಒಯ್ದರೆ ಮಾತಿಗೆ ತೂಕ ಬಂದೀತು.