ಶಟರ್ ಸರಿಯಿದೆ ಅಂದರೆ ಸಾಲದು, ಅಳೆದು ತೋರಿಸಿ

ಹಳೆಯ ಫಿಲ್ಮ್ ಕ್ಯಾಮೆರಾ ಮಾರುವವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ: ‘ಎಲ್ಲಾ ಸ್ಪೀಡೂ ಕೆಲಸ ಮಾಡ್ತವೆ ಸಾರ್, ಬೇಕಾದ್ರೆ ಶಬ್ದ ಕೇಳಿ.’ ಚಟಕ್ ಎನ್ನುತ್ತದೆ. ನಾವು ತಲೆದೂಗಿ ದುಡ್ಡು ಎಣಿಸುತ್ತೇವೆ. ಒಂದು ಸೆಕೆಂಡು, ಅರ್ಧ ಸೆಕೆಂಡುಗಳನ್ನು ಕಿವಿ ಹಿಡಿದೀತು. ಆದರೆ 1/500ಕ್ಕೂ 1/1000ಕ್ಕೂ ಇರುವ ಅಂತರ ಒಂದೇ ಮಿಲಿಸೆಕೆಂಡು. ಅದನ್ನೂ ಕಿವಿಯಿಂದಲೇ ಕಂಡುಹಿಡಿದೆ ಎನ್ನುವವರು ಸುಳ್ಳು ಹೇಳುತ್ತಿರುವುದು ಒಂದೋ ತಮಗೆ, ಇಲ್ಲವೇ ನಮಗೆ.

ಇವರಿಗಿಂತ ನನಗೆ ಹೆಚ್ಚು ಸಿಟ್ಟು ಬರುವುದು ನಮ್ಮದೇ ಬಳಗದ ಮೇಲೆ. ‘ಫಿಲ್ಮಿಗೆ ಆತ್ಮವಿದೆ, ಅದನ್ನು ಅಳೆಯಲು ಹೋಗಬೇಡಿ’ ಎನ್ನುತ್ತಾರೆ. ಚಿತ್ರದ ಒಂದು ಬದಿ ಕಪ್ಪಿಟ್ಟು ಬಂದರೆ ಅದಕ್ಕೆ ‘ಹಳೆಯ ಕಾಲದ ಛಾಯೆ’ ಎಂದು ಹೆಸರಿಡುತ್ತಾರೆ. ಅದು ಛಾಯೆಯಲ್ಲ, ಕಾಯಿಲೆ. ಪೆಂಟಾಕ್ಸ್ ಕೆ1000, ಜೆನಿಟ್‌ನಂಥ ಕ್ಯಾಮೆರಾಗಳಲ್ಲಿ ಬಟ್ಟೆಯ ಎರಡು ಪರದೆಗಳು ಫಿಲ್ಮಿನ ಮುಂದೆ ಅಡ್ಡಕ್ಕೆ ಓಡುತ್ತವೆ. ಹೆಚ್ಚಿನ ಸ್ಪೀಡಿನಲ್ಲಿ ಫಿಲ್ಮು ಒಮ್ಮೆಗೇ ಪೂರ್ತಿ ತೆರೆದುಕೊಳ್ಳುವುದಿಲ್ಲ. ಎರಡು ಪರದೆಗಳ ನಡುವಿನ ಸೀಳು ಬೆಳಕನ್ನು ಬಳಿಯುತ್ತ ಸಾಗುತ್ತದೆ. ಹಿಂದಿನ ಪರದೆ ಮುಂದಿನದನ್ನು ಹಿಡಿಯುತ್ತ ಬಂದರೆ ಸೀಳು ಕಿರಿದಾಗುತ್ತದೆ, ಆ ಬದಿ ಕತ್ತಲಾಗುತ್ತದೆ. ಸಡಿಲಾದ ಸ್ಪ್ರಿಂಗು, ಗಟ್ಟಿಯಾದ ಎಣ್ಣೆ ಮಾಡಿದ ಕೆಲಸಕ್ಕೆ ಆತ್ಮವನ್ನೇಕೆ ಎಳೆದು ತರಬೇಕು? ಷಟ್ಪದಿಗೆ ಪ್ರಸ್ತಾರ ಹಾಕಿದ್ದರಿಂದ ಕುಮಾರವ್ಯಾಸನ ರಸವೇನೂ ಬತ್ತಿಹೋಗಲಿಲ್ಲ.

‘ನನ್ನ ಚಿತ್ರಗಳು ಚೆನ್ನಾಗಿಯೇ ಬರುತ್ತಿವೆಯಲ್ಲ’ ಎಂಬ ವಾದವೂ ಇದೆ. ಬರುತ್ತವೆ. ಶಟರ್ ನಿಧಾನವಾದರೆ ಬೆಳಕು ಹೆಚ್ಚು ಬೀಳುತ್ತದೆ. ಕಲರ್ ನೆಗೆಟಿವ್ ಅದನ್ನು ಒಂದೆರಡು ಸ್ಟಾಪಿನವರೆಗೆ ಸಹಿಸಿಕೊಳ್ಳುತ್ತದೆ, ಮಿಕ್ಕಿದ್ದನ್ನು ಲ್ಯಾಬಿನ ಸ್ಕ್ಯಾನರ್ ಸದ್ದಿಲ್ಲದೆ ತಿದ್ದುತ್ತದೆ. ಅದೇ ಕ್ಯಾಮೆರಾಕ್ಕೆ ಸ್ಲೈಡ್ ಫಿಲ್ಮ್ ಹಾಕಿ ನೋಡಿ, ಬಣ್ಣ ಬಯಲಾಗುತ್ತದೆ. ಹಾಸ್ಟೆಲ್ ಖರ್ಚಿನಲ್ಲಿ ಉಳಿಸಿ 36 ಚಿತ್ರದ ಒಂದು ರೋಲು ಕೊಳ್ಳುವ ವಿದ್ಯಾರ್ಥಿಗೆ ಇದು ಸಣ್ಣ ನಷ್ಟವಲ್ಲ.

ಅಳೆಯುವುದಕ್ಕೆ ಪ್ರಯೋಗಾಲಯ ಬೇಡ. ಎಲೆಕ್ಟ್ರಾನಿಕ್ಸ್ ಅಂಗಡಿಯ ಒಂದು ಫೋಟೋಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಬ್ಯಾಟರಿ, ಕಂಪ್ಯೂಟರಿನ ಆಡಿಯೊ ಇನ್‌ಪುಟ್‌ಗೆ ಹೋಗುವ ವೈರು, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ ಸಾಕು. ಲೆನ್ಸ್ ಬಿಚ್ಚಿ, ಹಿಂಬಾಗಿಲು ತೆರೆದು, ಒಂದು ಕಡೆ ಮಿನುಗದ ಬೆಳಕು, ಇನ್ನೊಂದು ಕಡೆ ಸೆನ್ಸರ್. ಧ್ವನಿಮುದ್ರಣ ಸೆಕೆಂಡಿಗೆ 44,100 ಮಾದರಿಗಳನ್ನು ಹಿಡಿಯುವುದರಿಂದ 1/1000 ಸೆಕೆಂಡಿಗೆ 44 ಸಿಗುತ್ತವೆ. ಫೋನಿನ ಸ್ಲೋ ಮೋಷನ್ ಇಲ್ಲಿ ನಡೆಯದು. 240 ಫ್ರೇಮಿನ ವಿಡಿಯೊದಲ್ಲಿ ಒಂದೊಂದು ಫ್ರೇಮಿಗೂ ನಾಲ್ಕು ಮಿಲಿಸೆಕೆಂಡು ದಾಟಿಹೋಗಿರುತ್ತದೆ.

ಇನ್ನು, ಅರ್ಧಂಬರ್ಧ ಅಳೆದು ಮೆಕ್ಯಾನಿಕ್ ಜೊತೆ ಜಗಳಕ್ಕಿಳಿಯುವವರು. ‘1/1000 ಅಂತ ಬರೆದಿದೆ, ನನ್ನ ಯಂತ್ರ 1/333 ಅನ್ನುತ್ತಿದೆ, ಏನ್ರೀ ರಿಪೇರಿ ಮಾಡಿದ್ದು?’ ಸ್ವಲ್ಪ ಲೆಕ್ಕ ಹಾಕಿ. ಪರದೆ 36 ಮಿಲಿಮೀಟರ್ ದಾಟಲು ಸುಮಾರು 14 ಮಿಲಿಸೆಕೆಂಡು ಹಿಡಿಯುತ್ತದೆ ಎಂದುಕೊಂಡರೆ, 1/1000ರಲ್ಲಿ ಸೀಳಿನ ಅಗಲ ಎರಡೂವರೆ ಮಿಲಿಮೀಟರು. ನಿಮ್ಮ ಸೆನ್ಸರ್ ಐದು ಮಿಲಿಮೀಟರ್ ಅಗಲವಿದ್ದರೆ ಅದರ ಯಾವುದಾದರೂ ಭಾಗದ ಮೇಲೆ ಮೂರು ಮಿಲಿಸೆಕೆಂಡು ಬೆಳಕು ಇದ್ದೇ ಇರುತ್ತದೆ. ನೀವು ಅಳೆದದ್ದು ಶಟರನ್ನಲ್ಲ, ನಿಮ್ಮ ಸೆನ್ಸರಿನ ಅಗಲವನ್ನು. ಸೆನ್ಸರಿಗೆ ಕಪ್ಪು ಟೇಪು ಸುತ್ತಿ ಸೂಜಿಮೊನೆಯಷ್ಟು ತೂತು ಮಾಡಿ, ಆಮೇಲೆ ಮಾತಾಡಿ. ಹಳೆಯ ಕ್ಯಾಮೆರಾ ಬಿಚ್ಚಿ ಜೋಡಿಸಬಲ್ಲವರು ಬೆರಳೆಣಿಕೆಯಷ್ಟು ಉಳಿದಿರುವಾಗ ಅವರನ್ನು ಸುಳ್ಳು ಅಂಕಿಯಿಂದ ಬೈಯುವುದು ಅನ್ಯಾಯ.

ವರ್ಷಗಟ್ಟಲೆ ಮಲಗಿದ್ದ ಶಟರನ್ನು ಮೊದಲು ಹತ್ತಿಪ್ಪತ್ತು ಬಾರಿ ಓಡಿಸಿ. ಆಮೇಲೆ ಪ್ರತಿ ಸ್ಪೀಡಿಗೂ ಐದು ಸಲ, ಎಡ, ನಡು, ಬಲ ಮೂರೂ ಕಡೆ ಅಳೆಯಿರಿ. 1/500 ಎಂಬುದು ಪ್ರತಿ ಸಲವೂ, ಮೂರೂ ಕಡೆ 1/350 ಬಂದರೆ ಗಾಬರಿ ಬೇಡ, ಅಪರ್ಚರನ್ನು ಅರ್ಧ ಸ್ಟಾಪ್ ಕಿರಿದು ಮಾಡಿದರಾಯಿತು. ಒಮ್ಮೆ 1/500, ಇನ್ನೊಮ್ಮೆ 1/200 ಎಂದು ಕುಣಿದಾಡಿದರೆ ಅಥವಾ ಎಡಕ್ಕೂ ಬಲಕ್ಕೂ ತಾಳೆಯಾಗದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ. ಬಂದ ಅಂಕಿಗಳನ್ನು ಚೀಟಿಯಲ್ಲಿ ಬರೆದು ಕ್ಯಾಮೆರಾದ ತಳಕ್ಕೆ ಅಂಟಿಸಿ. ಮಾರುವವರ ಹತ್ತಿರ ಅಂಥ ಚೀಟಿ ಇಲ್ಲವೆಂದರೆ ರಿಪೇರಿಯ ಖರ್ಚು ಕಳೆದೇ ಬೆಲೆ ಹೇಳಿ.