'ಹಯವದನ' ಇಂಗ್ಲಿಷ್ ನಾಟಕವಲ್ಲ

ಹೈದರಾಬಾದಿನ ಕೋಠಿಯ ಹಳೆ ಪುಸ್ತಕದ ಸಾಲಿನಲ್ಲಿ ಇಂಗ್ಲಿಷ್ ಎಂ.ಎ. ಗೈಡುಗಳನ್ನು ತಿರುವಿದರೆ ಗಿರೀಶ ಕಾರ್ನಾಡರು ಸಿಗುತ್ತಾರೆ, 'ಇಂಡಿಯನ್ ಇಂಗ್ಲಿಷ್ ನಾಟಕಕಾರ'ರಾಗಿ. ದೇಶದ ಎಷ್ಟೋ ಇಂಗ್ಲಿಷ್ ವಿಭಾಗಗಳ ರೂಢಿಯೂ ಇದೇ. 'ಹಯವದನ' ಯಾವ ಭಾಷೆಯದು ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ.

ಇಂಗ್ಲಿಷಿಗೆ ತಂದವರು ಅವರೇ ತಾನೆ, ಎರಡೂ ಅವರದೇ ಅಲ್ಲವೆ ಎಂಬ ಸಮರ್ಥನೆ ಇದೆ. 'ಟಿಪ್ಪುವಿನ ಕನಸುಗಳು' ವಿಷಯದಲ್ಲಿ ಒಪ್ಪಬಹುದು. ಅದು ಬಿಬಿಸಿ ರೇಡಿಯೋಗಾಗಿ ಇಂಗ್ಲಿಷಿನಲ್ಲೇ ಹುಟ್ಟಿದ್ದು. 'ಹಯವದನ'ದ ದಾರಿ ಬೇರೆ. ಸಂಸ್ಕೃತದ ಬೇತಾಳ ಕಥೆಯಲ್ಲಿ ತಲೆ ಯಾರದೋ ಅವನೇ ಗಂಡ, ಅಲ್ಲಿಗೆ ತೀರ್ಮಾನ. 1940ರಲ್ಲಿ ಥಾಮಸ್ ಮನ್ ಜರ್ಮನ್ನಿನಲ್ಲಿ ಆ ತೀರ್ಮಾನವನ್ನೇ ಅನುಮಾನಿಸಿದ. 1971ರಲ್ಲಿ ಕಾರ್ನಾಡರು ಅದಕ್ಕೆ ಗಣಪತಿ ಸ್ತುತಿ, ಭಾಗವತ, ಅರೆಪರದೆ, ಮಾತಾಡುವ ಗೊಂಬೆಗಳನ್ನು ಸೇರಿಸಿ, ಜೊತೆಗೊಂದು ಕುದುರೆಮುಖದ ಮನುಷ್ಯನನ್ನೂ ತಂದರು. ಪೂರ್ಣನಾಗಬೇಕೆಂದು ಹೋದವನು ಪೂರ್ಣ ಕುದುರೆಯಾಗಿ ಮರಳುತ್ತಾನೆ, ಮನುಷ್ಯನ ದನಿ ಮಾತ್ರ ಬಿಟ್ಟುಹೋಗಿಲ್ಲ, ರಾಷ್ಟ್ರಗೀತೆ ಹಾಡುತ್ತಾನೆ. ಮಗುವಿನ ಜೊತೆ ನಗುತ್ತ ನಗುತ್ತ ಆ ದನಿ ಕೆನೆತವಾಗುತ್ತದೆ. ಕಾಫ್ಕಾ ಓದಿದವರಿಗೆ ಇದು ಪರಿಚಿತ ಲೋಕ, ಬೆಳಗಿನವರೆಗೆ ಯಕ್ಷಗಾನ ನೋಡಿದವರಿಗೂ ಪರಿಚಿತವೇ. ಈ ಎರಡು ಲೋಕಗಳು ಕೂಡಿದ್ದು ಕನ್ನಡದಲ್ಲಿ. ಆಕ್ಸ್‌ಫರ್ಡ್‌ ಪ್ರಕಾಶನದ ಇಂಗ್ಲಿಷ್ ಪುಸ್ತಕ ಆಮೇಲಿನದು.

ಮನೆಮಾತು ಕೊಂಕಣಿ. ಹುಡುಗನಿಗೆ ಇಂಗ್ಲಿಷ್ ಕವಿಯಾಗುವ ಆಸೆ. ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ ಬರೆದ 'ಯಯಾತಿ' ಕನ್ನಡದಲ್ಲಿ ಬಂದದ್ದು ಅವರಿಗೇ ಅಚ್ಚರಿ. 2011ರ ಆತ್ಮಕಥೆಯೂ ಕನ್ನಡದ್ದೇ: 'ಆಡಾಡತ ಆಯುಷ್ಯ'. ಆ 'ಆಡಾಡತ'ದಲ್ಲಿರುವ ಧಾರವಾಡವನ್ನು ಯಾವ ಅನುವಾದಕ ಇಂಗ್ಲಿಷಿಗೆ ದಾಟಿಸಿಯಾನು? ಸ್ವತಃ ಲೇಖಕರಿಗೂ ಕಷ್ಟವೇ.

ಹೈದರಾಬಾದಿನಲ್ಲಿ ಈ ಮರೆವು ಇನ್ನೂ ವಿಚಿತ್ರ. 1917ರಲ್ಲಿ ಅನುವಾದಕ್ಕೆಂದೇ ಇಲಾಖೆ ತೆರೆದು, ಎರಡು ವರ್ಷಗಳ ಬಳಿಕ ಉಸ್ಮಾನಿಯಾದಲ್ಲಿ ಉರ್ದು ಮಾಧ್ಯಮದ ಪಾಠ ಶುರುಮಾಡಿದ ಊರು ಇದು. ಆಗ ನಿಜಾಮರ ಸೀಮೆಯಲ್ಲಿದ್ದ ರಾಯಚೂರು, ಕಲಬುರಗಿ, ಬೀದರಿನ ಹುಡುಗರೂ ಆ ಉರ್ದುವಿನಲ್ಲೇ ಕಲಿತರು. (ಕನ್ನಡಕ್ಕೆ ಆ ಭಾಗ್ಯ ಸಿಗಲಿಲ್ಲ, ಅದು ಬೇರೆಯದೇ ಜಗಳ.) ಅನುವಾದವನ್ನು ಅನುವಾದವೆಂದೇ ಕರೆದು, ಅದಕ್ಕೆ ಸಂಬಳ ಕೊಟ್ಟ ಊರಿನಲ್ಲಿ ಇಂದು ಕನ್ನಡದ ನಾಟಕ ಇಂಗ್ಲಿಷಿನಲ್ಲೇ ಹುಟ್ಟಿತೆಂಬಂತೆ ಪಾಠವಾಗುತ್ತದೆ.

ಪಠ್ಯಕ್ರಮದಿಂದ ಕಾರ್ನಾಡರನ್ನು ತೆಗೆಯಬೇಕೆಂದು ಯಾರೂ ಕೇಳುತ್ತಿಲ್ಲ. ಹೆಸರಿನ ಮುಂದೆ 'ಕನ್ನಡದಿಂದ' ಎಂದು ಅಚ್ಚಾಗಲಿ. ತರಗತಿಯ ತೆಲುಗು ಹುಡುಗಿ ಆಗ ಮೇಷ್ಟ್ರನ್ನು ಕೇಳಬಹುದು, ಭಾಗವತ ಮೂಲದಲ್ಲಿ ಹೇಗೆ ಮಾತಾಡುತ್ತಾನೆ ಎಂದು. ಮೇಷ್ಟ್ರು ಹುಡುಕಿ ಹೇಳಲಿ.