90 ಮೀನು, 96 ಗಂಟೆ

ಕಾರ್ಖಾನೆಯಿಂದ ಹೊಳೆಗೆ ಬೀಳುವ ನೀರಿಗೆ ಕಾನೂನು ಒಂದು ಪರೀಕ್ಷೆಯನ್ನು ಗೊತ್ತುಮಾಡಿದೆ. ಆ ನೀರಿಗೆ ಬೇರೆ ನೀರನ್ನು ಬೆರೆಸದೆ, ಹೇಗಿದೆಯೋ ಹಾಗೆಯೇ ತೊಟ್ಟಿಗೆ ತುಂಬಿ ಮೀನು ಬಿಡಬೇಕು. 96 ಗಂಟೆ, ಅಂದರೆ ನಾಲ್ಕು ಹಗಲು ನಾಲ್ಕು ರಾತ್ರಿ ಕಳೆದ ಮೇಲೆ ನೂರಕ್ಕೆ 90 ಮೀನಾದರೂ ಜೀವಂತವಾಗಿರಬೇಕು. 1986ರ ಪರಿಸರ ಸಂರಕ್ಷಣಾ ನಿಯಮಗಳ ಆರನೆಯ ಅನುಸೂಚಿಯಲ್ಲಿ ಈ ಮಾತು ಸ್ಪಷ್ಟವಾಗಿದೆ. ಗಿರಣಿಯಲ್ಲಿ ದುಡಿಯುವ ನಮ್ಮ ಬಂಧುಗಳಲ್ಲಿ ಎಷ್ಟು ಮಂದಿ ಇದನ್ನು ಬಲ್ಲರು? ಹೊಳೆಯ ದಂಡೆಯ ಬೆಸ್ತರಲ್ಲಿ ಎಷ್ಟು ಮಂದಿ? ಹೇಳುವವರು ಇಲ್ಲದಿದ್ದರೆ ತಿಳಿಯುವುದಾದರೂ ಹೇಗೆ! ಆದುದರಿಂದ ಈ ವಾರ ನಾವು ಕೂಲಿ, ಬೋನಸ್ಸುಗಳ ಮಾತನ್ನು ಬದಿಗಿಟ್ಟು ಮೀನಿನ ಮಾತನ್ನು ಎತ್ತಿಕೊಂಡಿದ್ದೇವೆ. ಇದು ಕೂಲಿಗೆ ಸಂಬಂಧಿಸದ ಮಾತೆಂದು ಯಾರೂ ತಿಳಿಯಬಾರದು.

ಬಣ್ಣದ ನೀರು ಹೊಳೆಗೆ ಬಿದ್ದರೆ ಊರೆಲ್ಲ ಕೂಗೆಬ್ಬಿಸುತ್ತದೆ. ಕೆಂಪೋ ನೀಲಿಯೋ ಕಣ್ಣಿಗೆ ಹೊಡೆಯುತ್ತದೆ. ಆದರೆ ಬಟ್ಟೆಗೆ ಬಿಳುಪು ಕೊಡುವ ಬ್ಲೀಚಿಂಗ್ ಖಾತೆಯ ನೀರು ನೋಡುವುದಕ್ಕೆ ತಿಳಿಯಾಗಿರುತ್ತದೆ. ಅದರಲ್ಲಿ ಉಳಿದ ಕ್ಲೋರಿನ್ ಕಣ್ಣಿಗೆ ಕಾಣದು. ಮೀನಿಗೆ ಇದರಷ್ಟು ಬೇಗ ಮೃತ್ಯುವಾಗುವ ವಸ್ತು ಗಿರಣಿಯಲ್ಲಿ ಹೆಚ್ಚಿಲ್ಲ. ಮಲೆನಾಡಿನ ಹಳ್ಳಗಳಲ್ಲಿ ಕಳ್ಳತನದಿಂದ ಮೀನು ಹಿಡಿಯುವವರು ಬ್ಲೀಚಿಂಗ್ ಪುಡಿಯನ್ನು ಎರಚುವುದು ಈ ಗುಣವನ್ನು ಬಲ್ಲುದರಿಂದಲೇ. ಮೀನು ಸಾಕುವವರು ಕೂಡ ಕೆರೆಗೆ ಮರಿ ಬಿಡುವ ಮೊದಲು ಬೇಡದ ಮೀನುಗಳನ್ನು ನಿರ್ಮೂಲ ಮಾಡಲು ಇದೇ ಪುಡಿಯನ್ನು ಹಾಕುತ್ತಾರೆ. ಅದರ ಕಾಟ ಇಳಿಯುವ ತನಕ ದಿನಗಟ್ಟಲೆ ಕಾಯುತ್ತಾರೆ.

ಅದು ಕೊಲ್ಲುವ ಬಗೆಯನ್ನು ತಿಳಿಯಬೇಕು. ಮೀನು ಉಸಿರಾಡುವುದು ಕಿವಿರಿನಿಂದ. ಕಿವಿರೆಂದರೆ ತೆಳುವಾದ ಚರ್ಮದ ಮಡಿಕೆಗಳು; ಒಳಗೆ ರಕ್ತ, ಹೊರಗೆ ನೀರು. ಕ್ಲೋರಿನ್ ಈ ಚರ್ಮವನ್ನು ಸುಟ್ಟುಬಿಡುತ್ತದೆ. ಊರ ಚರಂಡಿಯ ಅಮೋನಿಯ ಜೊತೆಗೂಡಿದರೆ ಕ್ಲೋರಮೀನ್ ಎಂಬ ಇನ್ನೊಂದು ವಸ್ತು ಹುಟ್ಟುತ್ತದೆ. ಅದು ಬೇಗ ಆರುವುದಿಲ್ಲ. ಕಿವಿರನ್ನು ದಾಟಿ ರಕ್ತಕ್ಕೇ ಇಳಿದು, ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕೆಡಿಸುತ್ತದೆ. ನೀರಿನ ನಡುವೆ ಇದ್ದೂ ಮೀನು ಉಸಿರುಕಟ್ಟಿ ಸಾಯುತ್ತದೆ. ನಳದ ನೀರು ಸುರಕ್ಷಿತವಾಗಿರಲು ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಉಳಿದಿರಬೇಕು ಎಂಬುದು ನಮ್ಮ ಕುಡಿಯುವ ನೀರಿನ ಮಟ್ಟ. ಅಮೆರಿಕದ ಪರಿಸರ ಇಲಾಖೆ 1984ರಲ್ಲಿ ಸಿಹಿನೀರಿನ ಜೀವಿಗಳಿಗಾಗಿ ಗೊತ್ತುಮಾಡಿದ ಅಲ್ಪಕಾಲದ ಮಿತಿ 0.019 ಮಿಲಿಗ್ರಾಂ. ನಮ್ಮ ಮಗು ಕುಡಿದು ಸುಖವಾಗಿ ಮಲಗುವ ನೀರು ಮೀನಿನ ಪಾಲಿಗೆ ಹತ್ತು ಪಟ್ಟು ಮೀರಿದ ವಿಷ. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು ನಳದ ನೀರನ್ನು ಒಂದು ದಿನ ತೆರೆದಿಟ್ಟು ಆಮೇಲೆ ಸುರಿಯುತ್ತಾರಲ್ಲ, ಕಾರಣ ಇದು.

ಇನ್ನು ಕಾರ್ಖಾನೆಗೆ ಬರೋಣ. ಅದೇ ಆರನೆಯ ಅನುಸೂಚಿ ಹೊಳೆಗೆ ಬಿಡುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಕ್ಲೋರಿನ್ ಇರಬಹುದೆಂದು ಒಪ್ಪುತ್ತದೆ. ಅಮೆರಿಕದ್ದು ಹೊಳೆಯೊಳಗಿನ ಮಿತಿ, ನಮ್ಮದು ಕೊಳವೆಯ ಬಾಯಿಯದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ ಎಂಬುದನ್ನು ನಾವೂ ಒಪ್ಪುತ್ತೇವೆ. ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ಅದು ನೂರು ಪಾಲು ತೆಳುವಾದೀತು. ಆದರೆ ಏಪ್ರಿಲ್ ತಿಂಗಳಲ್ಲಿ ಹೊಳೆ ಬತ್ತಿ ಮಡುಗಳಷ್ಟೇ ಉಳಿದಾಗ ತೆಳುವಾಗುವುದು ಯಾವುದರಲ್ಲಿ? ಬಿಸಿಲಿಗೆ ಕಾದ ನೀರಿನಲ್ಲಿ ಪ್ರಾಣವಾಯುವೇ ಕಡಮೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯದು ಏಳೂವರೆ ಮಾತ್ರ. ಕಿವಿರು ಸುಟ್ಟ ಮೀನಿಗೆ ಅಷ್ಟೂ ದಕ್ಕುವುದಿಲ್ಲ.

ಇಲ್ಲೊಂದು ಸೋಜಿಗವನ್ನು ಓದುಗರು ಗಮನಿಸಬೇಕು. ಒಂದು ಮಿಲಿಗ್ರಾಂ ಕ್ಲೋರಿನ್ ಕುಗ್ಗದೆ ಇರುವ ನೀರಿನಲ್ಲಿ ಸಾಮಾನ್ಯ ಮೀನು ನಾಲ್ಕು ದಿನ ಬದುಕಲಾರದು. ಹಾಗಿದ್ದಮೇಲೆ ಅಷ್ಟನ್ನು ಬಿಡಬಹುದು ಎಂಬ ಸಾಲೂ, 90 ಮೀನು ಬದುಕಬೇಕು ಎಂಬ ಸಾಲೂ ಒಂದೇ ಪುಟದಲ್ಲಿ ಹೇಗೆ ಕೂಡಿ ಬಾಳುತ್ತವೆ? ಬಾಳುವ ಗುಟ್ಟು ಡಬ್ಬಿಯಲ್ಲಿದೆ. ಕ್ಲೋರಿನ್ ಆರಿಹೋಗುವ ವಸ್ತು. ನೀರು ಹಿಡಿದ ಜಾಗದಲ್ಲೇ, ಹಿಡಿದ ಕೆಲವೇ ನಿಮಿಷಗಳಲ್ಲಿ ಅದನ್ನು ಅಳೆಯಬೇಕು. ಡಬ್ಬಿಗೆ ತುಂಬಿ, ಮೊಹರು ಹಾಕಿ, ಜೀಪಿನಲ್ಲಿ ಜಿಲ್ಲೆ ದಾಟಿಸಿ ಪ್ರಯೋಗಶಾಲೆಗೆ ಒಯ್ಯುವ ಹೊತ್ತಿಗೆ ಅದು ಬಹುಮಟ್ಟಿಗೆ ಮಾಯವಾಗಿರುತ್ತದೆ. ಅಲ್ಲಿ ಮೀನು ನಾಲ್ಕು ದಿನ ಸುಖವಾಗಿ ಈಜುತ್ತದೆ. ವರದಿಯೂ ಸುಳ್ಳಲ್ಲ, ಮೀನೂ ಸುಳ್ಳು ಹೇಳಿಲ್ಲ. ಹೊಳೆಯಲ್ಲಿ ಸತ್ತ ಮೀನು ಮಾತ್ರ ಯಾವ ಕಾಗದದಲ್ಲೂ ಇಲ್ಲ. ಬ್ಲೀಚಿಂಗ್ ತೊಟ್ಟಿಯನ್ನು ದಿನವಿಡೀ ಖಾಲಿಮಾಡುವುದೂ ಇಲ್ಲ, ಒಮ್ಮೆಗೇ ಬಿಡುತ್ತಾರೆ. ಯಾವ ಪಾಳಿಯಲ್ಲಿ ಬಿಡುತ್ತಾರೆಂಬುದನ್ನು ಗಿರಣಿಯ ಕೆಲಸಗಾರರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಇನ್‌ಸ್ಪೆಕ್ಟರರು ಬರುವುದು ಹಗಲಿನಲ್ಲಿ.

ಮೀನು ಸತ್ತರೆ ನಷ್ಟ ಯಾರದು? ಮೊದಲು ಬಲೆ ಹಾಕುವವನದು. ಗೆಂಡೆಯೋ ಬಾಳೆಮೀನೋ ಸಿಕ್ಕಿದರೆ ಅವನ ಮನೆಯಲ್ಲಿ ಒಲೆ ಉರಿಯುತ್ತದೆ. ಆಮೇಲೆ ಬುಟ್ಟಿ ಹೊತ್ತು ಸಂತೆಗೆ ಬರುವ ಹೆಂಗಸಿನದು. ಹೊಳೆಯಲ್ಲಿ ಮೀನು ತೇಲಿತೆಂಬ ಸುದ್ದಿ ಹಬ್ಬಿದರೆ ಕೆರೆಯ ಒಳ್ಳೆಯ ಮೀನನ್ನೂ ಯಾರೂ ಮುಟ್ಟುವುದಿಲ್ಲ. ಅವಳಿಗೆ ಉದ್ದರಿ ಕೊಟ್ಟ ಕಿರಾಣಿ ಅಂಗಡಿಯವನ ಲೆಕ್ಕದ ಪುಸ್ತಕದಲ್ಲಿಯೂ ಆ ಮೀನು ಸಾಯುತ್ತದೆ.

ಇಷ್ಟು ಹೇಳಿದ ಕೂಡಲೇ ಆಡಳಿತ ವರ್ಗದವರಿಂದ ಒಂದೇ ರಾಗ ಕೇಳಿಬರುತ್ತದೆ: ಮೀನು ಬೇಕೋ, ಗಿರಣಿ ಬೇಕೋ? ಬಾಗಿಲು ಹಾಕಿದರೆ ಕೆಲಸಗಾರ ಎಲ್ಲಿಗೆ ಹೋದಾನು? ಕೆಲಸಗಾರನ ಮೇಲೆ ಈ ಕರುಣೆ ಬೋನಸ್ಸಿನ ದಿನ ಎಲ್ಲಿ ಅಡಗಿರುತ್ತದೋ ನಾವರಿಯೆವು. ಗಿರಣಿ ಮುಚ್ಚಿರೆಂದು ನಾವು ಕೇಳುತ್ತಿಲ್ಲ. ಹೈಪೋ ಎಂದು ಕರೆಯುವ ಪುಡಿಯನ್ನು ಹೊರಹೋಗುವ ನೀರಿಗೆ ಅಳತೆಯಂತೆ ಬೆರೆಸಿದರೆ ಕ್ಲೋರಿನ್ ಸತ್ವ ಕಳೆದುಕೊಳ್ಳುತ್ತದೆ. ಕ್ಲೋರಿನ್ ಹಾಕಿದ ಬಟ್ಟೆಯ ನೂಲು ಕೆಡದಿರಲೆಂದು ಇಂಥ ಪುಡಿಗಳನ್ನು ಗಿರಣಿಗಳು ಹಿಂದಿನಿಂದಲೂ ಬಳಸುತ್ತ ಬಂದಿವೆ. ಕ್ಲೋರಿನ್ ಬಿಟ್ಟು ಹೈಡ್ರೋಜನ್ ಪೆರಾಕ್ಸೈಡಿನಿಂದ ಬಿಳುಪು ಕೊಡುವ ಗಿರಣಿಗಳೂ ಅನೇಕ. ಬಟ್ಟೆಗೆ ಕೊಡುವ ಕಾಳಜಿಯನ್ನು ಹೊಳೆಗೂ ಕೊಡಿರೆಂದಷ್ಟೇ ನಮ್ಮ ಮಾತು. ಆ ಖಾತೆಯಲ್ಲಿ ನಿಂತು ಕಣ್ಣುರಿ, ಕೆಮ್ಮು ಅನುಭವಿಸುವವರಿಗೂ ಇದರಿಂದ ಉಸಿರು ಬಂದೀತು.

ತುಂಗಭದ್ರೆಯ ದಂಡೆಯವರು ಇಂಥದನ್ನು ಕಂಡುಂಡವರು. 1980ರ ದಶಕದಲ್ಲಿ ಹರಿಹರದ ಕೆಳಗಿನ ಹಳ್ಳಿಗಳ ಜನರೂ ಸಮಾಜ ಪರಿವರ್ತನ ಸಮುದಾಯದವರೂ ಸೇರಿ ಹೊಳೆಯ ನೀರಿಗಾಗಿ ಹೋರಾಡಿದರು. ಕೂಗದಿದ್ದರೆ ಕಾನೂನು ಏಳುವುದಿಲ್ಲ. 1974ರ ಜಲ ಕಾನೂನಿನಲ್ಲಿ ತಪ್ಪಿತಸ್ಥರಿಗೆ ಸೆರೆವಾಸವಿತ್ತು. 2024ರಲ್ಲಿ ಸಂಸತ್ತು ಅದನ್ನು ತಿದ್ದಿ ಅನೇಕ ಅಪರಾಧಗಳಿಗೆ ಸೆರೆಯನ್ನು ತೆಗೆದು, 10 ಸಾವಿರದಿಂದ 15 ಲಕ್ಷ ರೂಪಾಯಿಯ ದಂಡವನ್ನಿಟ್ಟಿತು. ಈ ತಿದ್ದುಪಡಿಯನ್ನು ಒಪ್ಪುವುದು ಬಿಡುವುದು ಆಯಾ ರಾಜ್ಯದ ಶಾಸನಸಭೆಗೆ ಸೇರಿದ ಮಾತು. 15 ಲಕ್ಷ ದೊಡ್ಡ ಗಿರಣಿಯ ಮಾಲೀಕನಿಗೆ ಖರ್ಚಿನ ಬಾಬ್ತಿನ ಒಂದು ಸಾಲು. ನಮ್ಮ ಶಾಸಕರು ಈ ವಿಷಯದಲ್ಲಿ ಯಾವ ಕಡೆ ಕೈ ಎತ್ತುತ್ತಾರೆಂಬುದನ್ನು ಮತದಾರರು ಕೇಳಿ ತಿಳಿಯಬೇಕು.

ಮೀನಿನ ಪರೀಕ್ಷೆ ಬೇಡವೆಂದಲ್ಲ. ಅದು ಗಿರಣಿಯ ಕೊಳವೆಯ ಬಾಯಲ್ಲೇ, ಹರಿಯುವ ನೀರಿನಲ್ಲೇ, ರಾತ್ರಿ ಪಾಳಿಯೂ ಸೇರಿ ನಡೆಯಲಿ. ಫಲಿತಾಂಶವನ್ನು ಕನ್ನಡದಲ್ಲಿ ಗೇಟಿನ ನೋಟೀಸು ಬೋರ್ಡಿಗೆ ಹಚ್ಚಲಿ. ಅದಾಗುವ ತನಕ ಸಂಘದವರು ಒಂದು ಕೆಲಸ ಮಾಡಬಹುದು. ನಗರಸಭೆಯ ನೀರಿನ ಕೆಲಸದವರ ಬಳಿ ಕ್ಲೋರೋಸ್ಕೋಪ್ ಎಂಬ ಚಿಕ್ಕ ಪೆಟ್ಟಿಗೆ ಇರುತ್ತದೆ. ಗಾಜಿನ ನಳಿಕೆಗೆ ನೀರು ಹಿಡಿದು ಔಷಧದ ಹನಿಗಳನ್ನು ಬಿಟ್ಟರೆ, ಕ್ಲೋರಿನ್ ಇದ್ದಲ್ಲಿ ನೀರು ಹಳದಿಯಾಗುತ್ತದೆ. ಮೀನಿಗೆ ಅಪಾಯವಾಗುವ ಅತ್ಯಲ್ಪ ಪ್ರಮಾಣ ಅದರ ಕಣ್ಣಿಗೆ ಬೀಳದು. ಆದುದರಿಂದ ಹೊಳೆಯಲ್ಲಿ ಹಿಡಿದ ನೀರಿನಲ್ಲಿ ತಿಳಿ ಹಳದಿ ಕಂಡರೂ ಸಾಕು, ಮಿತಿ ಎಷ್ಟೋ ಪಟ್ಟು ಮೀರಿದೆಯೆಂದು ಅರ್ಥ. ದಿನ, ಗಂಟೆ, ಜಾಗ ಬರೆದಿಟ್ಟುಕೊಂಡು ನಾಲ್ಕು ಮಂದಿ ರುಜು ಹಾಕಿರಿ. ಒಂದು ಪ್ರತಿ ಮಂಡಲಿಗೆ, ಒಂದು ಪ್ರತಿ ನಮಗೆ. ನಾವು ಅಚ್ಚು ಹಾಕುತ್ತೇವೆ.